ದ್ಯಾವಮ್ಮನ ಅಂಗಳಕ್ಕೆ ಬಂದ ಮದುವೆ

ನಾನು ಹಾಕಿದ ಒಂದು ಒಗ್ಗರಣೆಯ ಘಮಕ್ಕೆ, ಮಸಣದ ದಾರಿ ಹಿಡಿದಿದ್ದ ಹೆಣವೊಂದು ಚಟ್ಟದ ಮೇಲೆ ಎದ್ದು ಕೂತು, ಹೊತ್ತವರನ್ನೇ ಗದರಿಸಿ ತಿರುಗಿಸಿಕೊಂಡು ಬಂದು, ಮೂರನೇ ಪಂಕ್ತಿಯಲ್ಲಿ ಉಂಡು ಹೋಗಿದೆ. ಎರಡು ಸಲ ಹುಳಿ ಹಾಕಿಸಿಕೊಂಡಿತು. ಉಂಡ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಬೇಡಿ. ತನ್ನ ಕೆಲಸಕ್ಕೆ ತಾನು ಹೋಯಿತು, ಕಟ್ಟಿಗೆ ಒಟ್ಟಿಟ್ಟವರು ಕಾಯುತ್ತಿರುವುದಿಲ್ಲವೆ? ಇದನ್ನು ಕಣ್ಣಾರೆ ಕಂಡವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಪಾಪ, ಈಗ ಒಬ್ಬರೂ ಇಲ್ಲ.

ನಾನು ಅಡುಗೆ ಬೆಟ್ಟಸ್ವಾಮಿ. ನಳ, ಭೀಮ ಎಂದು ಜನ ಇಬ್ಬರ ಹೆಸರು ಹೇಳುತ್ತಾರೆ, ಮೂರನೆಯವನು ಎದುರಿಗೇ ನಿಂತಿರುವಾಗ ಹೊಗಳುವುದು ಚೆನ್ನಾಗಿರುವುದಿಲ್ಲ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಸೌಟಿಗೆ ನಮ್ಮೂರಿನ ಮದುವೆಗಳೆಲ್ಲ ತಲೆಬಾಗಿವೆ. ಆದರೆ ನಾನು ಈಗ ಹೇಳಹೊರಟಿರುವುದು ಒಂದೇ ಒಂದು ಮದುವೆಯ ಸಂಗತಿ. ಅದನ್ನು ನೆನೆದರೆ ಇವತ್ತಿಗೂ ನನ್ನ ಅಂಗಾಲು ತಣ್ಣಗಾಗುತ್ತದೆ.

ನಮ್ಮೂರಿನಲ್ಲಿ ಕೂಲಿಗೆ ಮಾಡಿದ ಕೆಲಸ ಕೆಟ್ಟರೆ ಅದು ತಾನಾಗಿಯೇ ಮಾಡಿದವನ ಮನೆಗೆ ವಾಪಸು ಬರುತ್ತದೆ. ತೋಳು ಹಿಡಿಯುವ ರವಿಕೆ ಹೊಲಿದ ದರ್ಜಿ ಉಂಡು ಹೊರಗೆ ಬಂದರೆ ರವಿಕೆ ಅವನ ಬಾಗಿಲ ಚಿಲಕಕ್ಕೆ ತೂಗಾಡುತ್ತಿರುತ್ತದೆ. ಸೊಟ್ಟ ಎದ್ದ ಗೋಡೆ ಗಾರೆಯವನ ಹಿತ್ತಿಲಿಗೆ ಬಂದು ನಿಲ್ಲುತ್ತದೆ. ಪೇಟೆಬೀದಿಯ ಗಾರೆಯವನ ಹಿತ್ತಿಲು ಗೋಡೆಗಳಿಂದಲೇ ತುಂಬಿಹೋಗಿ ಅವನ ಹೆಂಡತಿ ನಾಲ್ಕು ಕೊತ್ತಂಬರಿ ಬೀಜ ಹಾಕಬೇಕಾದರೂ ತವರಿಗೆ ಹೋಗುತ್ತಾಳೆ. ಲೆಕ್ಕ ತಲೆಗೆ ಹತ್ತದ ಹುಡುಗರು ಮೇಷ್ಟರ ಜಗುಲಿಗೆ ಬಂದು ಕೂತವರು ಮೀಸೆ ಬಂದರೂ ಎದ್ದಿಲ್ಲ. ಮದುವೆ ಕುದುರಿಸುವ ದಲ್ಲಾಳಿಯ ಮನೆಯಲ್ಲಿ ಅವನೇ ಕೂಡಿಸಿದ ಗಂಡಹೆಂಡಿರು ಬೆನ್ನಿಗೆ ಬೆನ್ನು ಹಾಕಿಕೊಂಡು ಕೂತಿರುತ್ತಾರೆ, ದಲ್ಲಾಳಿ ಬೀದಿಯಲ್ಲಿ ಕಾಫಿ ಕುಡಿಯುತ್ತಾನೆ. ಹಾಗೆ ಬಂದದ್ದು, ಯಾರ ಮನೆಗೆ ಬಂತೋ ಅವರು ಸರಿಮಾಡುವ ತನಕ ಹೊರಡುವುದಿಲ್ಲ. ಮನೆಯಳಿಯ ಬಂದಿದ್ದಾನೆ ಅಂದುಕೊಂಡು ನಾವೆಲ್ಲ ಹೊಂದಿಕೊಂಡುಬಿಟ್ಟಿದ್ದೇವೆ.

ಎಲ್ಲರ ಕೆಲಸವೂ ಹೀಗೆ ಬರುವುದಿಲ್ಲ. ಕೆಲಸಕ್ಕೆ ಕರೆಯುವ ಯಜಮಾನ ತಟ್ಟೆಯಲ್ಲಿ ವೀಳ್ಯ ಹಿಡಿದು, "ಬರುತ್ತಾ?" ಎಂದು ಕೇಳುತ್ತಾನೆ. "ಬರುತ್ತೆ" ಎಂದು ಹೇಳಿ ಆ ವೀಳ್ಯವನ್ನು ಅಗಿದವನು ಕುಶಲ. ಅವನಿಗೆ ಕೂಲಿ ಹೆಚ್ಚು, ಕೂರಲು ಚಾಪೆ, ಹೆಸರಿನ ಮುಂದೆ ಕಸುಬಿನ ಹೆಸರು. ಕೆಲಸ ಕೆಟ್ಟರೆ ಅದು ಬರುವುದೂ ಅವನ ಮನೆಗೇ. ನೀರು ಸೇದುವವರು, ಬುಟ್ಟಿ ಹೊರುವವರು, ಪಾತ್ರೆ ತಿಕ್ಕುವವರು, ಇವರೆಲ್ಲ ವೀಳ್ಯವಿಲ್ಲದವರು. ಇವರನ್ನು 'ಬರುತ್ತಾ' ಎಂದು ಯಾರೂ ಕೇಳುವುದಿಲ್ಲ, 'ಬಾ' ಎನ್ನುತ್ತಾರೆ ಅಷ್ಟೆ. ಅರ್ಧ ಕೂಲಿ. ಆದರೆ ಏನೇ ಕೆಡಲಿ, ಇವರ ಬಾಗಿಲಿಗೆ ಯಾವ ಕೆಲಸವೂ ಬರುವುದಿಲ್ಲ. ನಮ್ಮ ನ್ಯಾಯದ ಕಟ್ಟೆಯ ಕಾನೂನು ಒಂದೇ ಸಾಲು: ಕುಶಲನೆಂದರೆ ವೀಳ್ಯ ಅಗಿದವನು. ಕೈಯಲ್ಲಿ ಏನಿದೆ ಎಂದು ಕಟ್ಟೆ ನೋಡುವುದಿಲ್ಲ. ನೋಡಿದರೂ ಏನು ಕಾಣುತ್ತದೆ? ಎಲ್ಲರ ಕೈಯಲ್ಲೂ ಐದೇ ಬೆರಳು.

ಎಣ್ಣೆ ಮಂಡಿಯ ಮಾದಯ್ಯನ ಮಗಳ ಮದುವೆಗೆ ವೀಳ್ಯ ಹಿಡಿದದ್ದು ನಾನೇ. ಎಂಟು ಸಾವಿರ ಜನಕ್ಕೆ ಅಡುಗೆ. ಬೇಡ, ಆಣೆ ಇಟ್ಟು ಹೇಳು ಅಂದರೆ ಮುನ್ನೂರು. ಹುರುಳಿಕಾಯಿ ಪಲ್ಯ, ಕೋಸಂಬರಿ, ಬೂದುಗುಂಬಳದ ಹುಳಿ, ಒಬ್ಬಟ್ಟು. ಊರ ಜಡ್ಜಿ ಗುರುಮಲ್ಲಯ್ಯನವರು ಮೊದಲನೇ ಪಂಕ್ತಿಯಲ್ಲೇ ಕೂತಿದ್ದರು, ಅವರ ಪಕ್ಕದಲ್ಲಿ ಮಾದಯ್ಯನ ತಾಯಿ ಸುಬ್ಬಜ್ಜಿ. ಸುಬ್ಬಜ್ಜಿಗೆ ಕಣ್ಣು ಎಷ್ಟು ಚುರುಕೆಂದರೆ ಎದುರು ಪಂಕ್ತಿಯವರ ಎಲೆಯಲ್ಲಿ ಒಬ್ಬಟ್ಟಿನ ಅಂಚು ಕರಕಲಾದದ್ದನ್ನು ಕೂತಲ್ಲಿಂದಲೇ ಹೇಳುತ್ತಾಳೆ. ಊಟ ಮುಗಿಯಿತು, ಜನ ಕೈ ತೊಳೆದರು, ತಾಂಬೂಲದ ಚೀಲ ಇಸಿದುಕೊಂಡರು. ನಾನು ಚಪ್ಪರದ ಗಳುವಿಗೆ ಒರಗಿಕೊಂಡು, ಹೊಗಳುವವರು ಹತ್ತಿರ ಬರಲಿ ಎಂದು ಕಾಯುತ್ತಿದ್ದೆ.

ಮೊದಲು ಕೂಗಿದ್ದು ಮಾದಯ್ಯ. "ಏಯ್! ಏಯ್! ನನ್ ಕಾಲು ಎತ್ತಗೋ ಹೋಯ್ತಾವಲ್ರಪ್ಪಾ!"

ನೋಡಿದರೆ ಮಾದಯ್ಯ ಮುಖವನ್ನು ಚಪ್ಪರದ ಕಡೆಗೇ ಇಟ್ಟುಕೊಂಡು ಹಿಮ್ಮುಖವಾಗಿ ಬೀದಿಗೆ ನಡೆಯುತ್ತಿದ್ದಾನೆ. ಅವನ ಹಿಂದೆ ಬೀಗರು. ಬೀಗರ ಹಿಂದೆ ಮದುಮಗ, ಸೆರಗಿನ ಗಂಟಿನಲ್ಲಿ ಎಳೆಸಿಕೊಂಡು ಮದುಮಗಳು. ವಾಲಗದವರು ಊದುತ್ತಲೇ ಹೊರಟರು, ಬಾಯಿಂದ ತೆಗೆಯಲು ಪುರುಸೊತ್ತಾಗಲಿಲ್ಲ. ಜಡ್ಜಿಯವರು ಗಳು ತಬ್ಬಿಕೊಂಡರು. ಕೈ ಅಲ್ಲೇ ಉಳಿಯಲು ನೋಡಿತು, ಕಾಲು ಬಿಡಲಿಲ್ಲ, ಕೊನೆಗೆ ಚಪ್ಪರದ ಒಂದು ಮೂಲೆಯೇ ಅವರ ಜೊತೆ ಹೊರಟಿತು. ಯಾರಿಗೂ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿಳಿಚಿಕೊಂಡರು. ಊಟ ಕೆಟ್ಟಿದೆ. ಊಟ ವಾಪಸು ಹೊರಟಿದೆ. ಊಟ ಹೊಟ್ಟೆಯಲ್ಲಿದೆ, ಆದ್ದರಿಂದ ಹೊಟ್ಟೆಗಳೂ ಹೊರಟಿವೆ.

ನಮ್ಮೂರಿನಲ್ಲಿ ಅನ್ನದ ತಪ್ಪಲೆ ವಾಪಸು ಬಂದದ್ದುಂಟು, ಉಂಡವರು ಬಂದದ್ದಿಲ್ಲ. ಅದಕ್ಕಿಂತ ದೊಡ್ಡ ದಿಗಿಲು ಬೀದಿಯ ತುದಿಯಲ್ಲಿ ಕಾದಿತ್ತು. ಅಲ್ಲಿಂದ ಬಲಕ್ಕೆ ತಿರುಗಿದರೆ ನನ್ನ ಮನೆ. ಮೆರವಣಿಗೆ ಎಡಕ್ಕೆ ತಿರುಗಿತು. ಕೆರೆಯ ಕೋಡಿ ದಾಟಿ, ಬೂದಿಗುಂಡಿ ದಾಟಿ, ಪಾತ್ರೆ ತಿಕ್ಕುವ ದ್ಯಾವಮ್ಮನ ಒಂದಂಕಣದ ಮನೆಯ ಮುಂದೆ ಬಂದು, ಮೊರದಷ್ಟಗಲದ ಅಂಗಳದಲ್ಲಿ ಒಬ್ಬರ ಮೇಲೊಬ್ಬರು ನಿಂತು, ಕಾಲುಗಳು ಬೇರು ಬಿಟ್ಟವು.

ದ್ಯಾವಮ್ಮ ಆಗತಾನೆ ಮದುವೆಮನೆಯಿಂದ ಬಂದು ಸೆರಗು ಹಿಂಡುತ್ತಿದ್ದವಳು ಇಷ್ಟು ಜನವನ್ನು ಕಂಡು ಎದೆ ಬಡಿದುಕೊಂಡಳು. "ಅಯ್ಯೋ ನಮ್ಮಪ್ಪಾ! ಯಾರು ಸತ್ತೋದ್ರು? ನಮ್ಮನೇಲಿ ಇರೋಳು ನಾನೊಬ್ಳೇ ಅಲ್ವಾ, ನಾನೇ ಸತ್ತೋದ್ನಾ?"

"ಸತ್ತಿಲ್ಲ ಕಣಮ್ಮ," ಎಂದರು ಜಡ್ಜಿಯವರು ಚಪ್ಪರದ ಮೂಲೆಯನ್ನು ಕೆಳಗಿಡುತ್ತ, "ಊಟ ಬಂದಿದೆ."

ದ್ಯಾವಮ್ಮನ ಬಗ್ಗೆ ಎರಡು ಮಾತು. ಗಂಡ ಇಲ್ಲ, ಮಕ್ಕಳಿಲ್ಲ, ನಾಲಿಗೆ ಇದೆ. ಕೊಪ್ಪರಿಗೆಯೊಳಗೆ ಇಳಿದು ಕೂತು ತೆಂಗಿನ ನಾರಿನಲ್ಲಿ ತಿಕ್ಕುತ್ತ ಅವಳು ಬೈಯುವುದು ಕೇಳಿದರೆ ಕೊಪ್ಪರಿಗೆಯೇ ಬೈಯುತ್ತಿದೆ ಅನ್ನಿಸುತ್ತದೆ. ಪಾತ್ರೆ ತಿಕ್ಕುವ ಕೂಲಿ ಬಿಟ್ಟರೆ ಅವಳಿಗೆ ಇನ್ನೊಂದು ಅನ್ನದ ದಾರಿ ಇರಲಿಲ್ಲ. ಅಂಥವಳ ಮನೆಗೆ, ಜನ್ಮದಲ್ಲಿ ಒಂದು ಕೂಲಿಯ ವೀಳ್ಯ ಹಿಡಿಯದವಳ ಮನೆಗೆ, ಕೆಟ್ಟ ಕೆಲಸ ಬಂದಿತ್ತು. ಸೂರ್ಯ ಪಡುವಣದಲ್ಲಿ ಹುಟ್ಟಿದ್ದರೂ ನಮ್ಮೂರು ಅಷ್ಟು ಬೆಚ್ಚುತ್ತಿರಲಿಲ್ಲ.

ಸುದ್ದಿ ಹರಡುವುದರೊಳಗೆ ಊರೇ ನಿಂತುಹೋಯಿತು. ಸುಣ್ಣದ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದವರು ಅರ್ಧ ಏಣಿಯಲ್ಲಿ ಬುಟ್ಟಿ ಬಿಟ್ಟು ಇಳಿದರು. ನೀರು ಸೇದುತ್ತಿದ್ದವರು ಹಗ್ಗ ಕೈಬಿಟ್ಟರು, ಬಿಂದಿಗೆಗಳು ಬಾವಿಗೆ ಬಿದ್ದ ಸದ್ದು ಮೂರು ಊರಿಗೆ ಕೇಳಿಸಿತು. ಮಂಡಿಯ ಹಮಾಲಿಯೊಬ್ಬ ಮೂಟೆ ಇಳಿಸಿ ಅದರ ಮೇಲೇ ಕೂತು ಹೇಳಿದ: "ಅರ್ಧ ಕೂಲಿಗೆ ದುಡಿಯೋದು ಯಾಕೆ ಸ್ವಾಮಿ? ಮನೆಗೆ ಏನೂ ಬರಲ್ಲ ಅಂತ ಒಂದು ನೆಮ್ಮದಿಗೆ. ಅದೂ ಬರೋದಾದ್ರೆ ಈ ಮೂಟೆ ಇಲ್ಲೇ ಇರ್ಲಿ, ನೀವೇ ಹೊತ್ಕೊಳ್ಳಿ." ಮೂಟೆ ಅಲ್ಲೇ ಇತ್ತು. ಯಜಮಾನರು ಅದನ್ನು ಸುತ್ತು ಹಾಕಿ ನೋಡಿದರು, ಹೊರುವುದು ಯಾವ ಕಡೆಯಿಂದ ಎಂದು ತಿಳಿಯದೆ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ದ್ಯಾವಮ್ಮನ ಅಂಗಳದಲ್ಲೇ ನ್ಯಾಯದ ಕಟ್ಟೆ ಕೂಡಬೇಕಾಯಿತು. ಜಡ್ಜಿಯವರ ಕಾಲು ಅಲ್ಲಿಂದ ಏಳುತ್ತಿರಲಿಲ್ಲವಲ್ಲ. ಬಟ್ಟೆ ಒಗೆಯುವ ಕಲ್ಲನ್ನು ಅವರ ಕೆಳಗೆ ತಳ್ಳಿದರು. ಜಡ್ಜಿಯವರು ತೇಗಿದರು. ಅಂಗಳದಲ್ಲಿದ್ದ ಮುನ್ನೂರು ಜನವೂ ಸಾಲಾಗಿ ತೇಗಿದರು. ಎಲ್ಲ ತೇಗಿನಲ್ಲೂ ಒಂದೇ ರುಚಿ: ಕಿಲುಬು. ಹಿತ್ತಾಳೆಯ ಕೊಪ್ಪರಿಗೆಗೆ ಕಲಾಯಿ ಹೋಗಿದ್ದಾಗ ಅದರಲ್ಲಿ ಹುಳಿ ಕುದಿಸಿದರೆ ಬರುವ ಹಸಿರು ಕಿಲುಬು.

"ಬೆಟ್ಟಸ್ವಾಮಿ, ನೀನು ಊಟ ಮಾಡಲಿಲ್ಲವೇನಯ್ಯ?" ಜಡ್ಜಿಯವರು ಮೊದಲು ಕೇಳಿದ್ದೇ ಇದು. "ನಿನ್ನ ಕಾಲು ಆರಾಮಾಗಿ ಓಡಾಡುತ್ತಾ ಇದೆ."

"ದೊಡ್ಡ ಅಡುಗೆಯವನು ವಾಸನೆಯಲ್ಲೇ ಉಂಡಿರ್ತಾನೆ ಬುದ್ದಿ," ಎಂದೆ.

"ಹಾಗೋ. ನೋಡು, ಕಾನೂನು ಒಂದೇ ಸಾಲು. ವೀಳ್ಯ ಅಗಿದವನು ಕುಶಲ. ವೀಳ್ಯ ಹಿಡಿದವನು ನೀನು. ಕೆಟ್ಟ ಊಟ ಬಂದಿರೋದು ಈಯಮ್ಮನ ಮನೆಗೆ. ಈಗ ಕಾನೂನು ಸುಳ್ಳೋ, ನೀನು ಸುಳ್ಳೋ?"

ನಾನು ಊರಿಗೆಲ್ಲ ಕೇಳುವಂತೆ ಗಂಟಲು ಸರಿಮಾಡಿಕೊಂಡೆ. ಅವತ್ತು ನಾನು ಮಾಡಿದ ವಾದಕ್ಕೆ ಕೆರೆಯ ಮೀನು ದಡಕ್ಕೆ ಬಂದು ಕಿವಿಗೊಟ್ಟವು. "ಎರಡೂ ಸುಳ್ಳಲ್ಲ ಬುದ್ದಿ. ಕುಶಲ ಅನ್ನೋದು ಹೊಗೆ ಇದ್ದ ಹಾಗೆ. ಒಲೆ ಹಚ್ಚಿದವನು ಒಬ್ಬ, ಹೊಗೆ ಹಿಡಿಯೋದು ಪಕ್ಕದಲ್ಲಿ ಕೂತವರ ಸೀರೆಗೆ. ದ್ಯಾವಮ್ಮ ಇಷ್ಟು ವರ್ಷ ನನ್ನ ಒಲೆ ಪಕ್ಕದಲ್ಲೇ ಕೂತಿದ್ದಾಳೆ. ನನ್ನ ಕೈಯ ಕುಶಲ ಅವಳ ಕೈಗೆ ಇಳಿದುಬಿಟ್ಟಿದೆ. ನಾನು ಸೌಟು ಹಿಡಿದರೂ ಅಡುಗೆ ಮಾಡುತ್ತಿದ್ದದ್ದು ಅವಳ ಗುಣ. ಕೆಲಸಕ್ಕೆ ಯಜಮಾನ ಯಾರು ಅಂತ ಗೊತ್ತು, ಅದು ಅವಳ ಮನೆಗೇ ಬಂತು. ಇವಳು ಹೇಳಿಕೊಳ್ಳದ ಅಡುಗೆಯವಳು ಬುದ್ದಿ!"

ಜನ ಹಾ ಎಂದು ಬಾಯಿ ತೆರೆದರು. ಮಾದಯ್ಯ ಕಣ್ಣು ಕಿರಿದು ಮಾಡಿದ. "ಹಂಗಾದ್ರೆ ಇಷ್ಟು ವರ್ಷ ನೀನು ಮಾಡ್ತಿದ್ದಿದ್ದೇನು?"

"ಉಸ್ತುವಾರಿ," ಎಂದೆ.

ನನ್ನಷ್ಟು ದೊಡ್ಡ ಅಡುಗೆಯವನು, ತಾನು ಅಡುಗೆಯವನೇ ಅಲ್ಲ ಎಂದು ಇಷ್ಟು ಚೆನ್ನಾಗಿ ಸಾಧಿಸಿದ್ದು ಯಾವ ಸೀಮೆಯಲ್ಲೂ ಇಲ್ಲ. ಬೇರೆ ದಾರಿ ಇರಲಿಲ್ಲ. ತಪ್ಪು ಅವಳದಾಗಬೇಕಾದರೆ ಕುಶಲವೂ ಅವಳದೇ ಆಗಬೇಕು; ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಆ ಒಂದು ಸಾಲಿನ ಕಾನೂನು ಬಿಡುವುದಿಲ್ಲ.

ಜಡ್ಜಿಯವರಿಗೆ ಹಿಡಿಸಿತೋ ಬಿಟ್ಟಿತೋ, ಮನೆಗೆ ಹೋಗುವ ಆಸೆಯಂತೂ ಇತ್ತು. "ಸರಿ, ದ್ಯಾವಮ್ಮ. ಬಂದ ಊಟ ನಿನ್ನದಾದರೆ ಸರಿಮಾಡೋದೂ ನಿನ್ನ ಕೈಲೇ. ಹೊಸದಾಗಿ ಕಲಾಯಿ ಹಾಕಿದ ಕೊಪ್ಪರಿಗೆ ತರಿಸ್ತೀನಿ. ಒಂದು ಹುಳಿ ಮಾಡು. ಉಂಡು ನಮ್ಮ ಕಾಲು ಎದ್ದರೆ ನೀನು ಅಡುಗೆಯವಳು, ಇವತ್ತಿಂದ ನಿನಗೆ ವೀಳ್ಯ, ಪೂರ್ತಿ ಕೂಲಿ."

ದ್ಯಾವಮ್ಮ ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. "ನಾನು ಅಡುಗೆಯೋಳಾ?" ಎಂದು ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೂದಿ ಹುಣಿಸೆಹಣ್ಣಿಗೆ ಉಗುರುಗಳೆಲ್ಲ ಸವೆದಿದ್ದವು. "ಬೆಟ್ಟಣ್ಣ ಅಂದ್ಮ್ಯಾಲೆ ಇದ್ರೂ ಇರ್ಬೋದು ಬುದ್ದಿ. ಅವ್ನು ಸುಮ್ಮಸುಮ್ನೆ ಅನ್ನೋನಲ್ಲ."

ಊರಿನಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ. ನಾನು ಆಕಾಶ ನೋಡಿದೆ.

ಹಬ್ಬದ ಸೀರೆ ಉಟ್ಟು ಬಂದು ಒಲೆಯ ಮುಂದೆ ನಿಂತಳು. ಮುನ್ನೂರು ಹೊಟ್ಟೆಗಳು ಅವಳ ಕೈಯನ್ನೇ ನೋಡುತ್ತಿದ್ದವು. ನಮ್ಮ ಜನಕ್ಕೆ ಇಂಥ ಸಂಗತಿ ಬಹಳ ಇಷ್ಟ. ಪಾತ್ರೆ ತಿಕ್ಕುವವಳೇ ನಿಜವಾದ ಅಡುಗೆಯವಳಂತೆ, ಮೊದಲೇ ಅಂದುಕೊಂಡಿದ್ದೆವು, ಅವಳ ಮುಖದ ಕಳೆಯೇ ಹೇಳುತ್ತಿತ್ತು ಎಂದು ಬೀಗರ ಹೆಂಗಸರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಮದುಮಗಳು ಕಣ್ಣೊರೆಸಿಕೊಂಡಳು. ದ್ಯಾವಮ್ಮ ಬೇಳೆಯನ್ನು ತೊಳೆಯದೆ ಹಾಕಿದಳು. ಕುಂಬಳಕಾಯಿಯನ್ನು ಬೀಜದ ಸಮೇತ ಹಾಕಿದಳು. ಹುಣಿಸೆಹಣ್ಣನ್ನು ಪಾತ್ರೆ ತಿಕ್ಕಲು ತೆಗೆದುಕೊಳ್ಳುವ ಅಳತೆಯಲ್ಲೇ ತೆಗೆದುಕೊಂಡಳು. ಬೇಳೆ ತಳ ಹಿಡಿಯಿತು, ಮೇಲೆ ಬೇಯಲಿಲ್ಲ. ಒಗ್ಗರಣೆಯ ಸಾಸಿವೆ ಸಿಡಿದಾಗ ಕಿರುಚಿ ಸೌಟು ಬಿಟ್ಟು ಓಡಿದಳು.

ಉಂಡರು. ಹೇಗೆ ಉಂಡರೋ ಕಾಣೆ, ಮನೆಗೆ ಹೋಗುವ ಆಸೆ ಏನನ್ನಾದರೂ ನುಂಗಿಸುತ್ತದೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಕಾಲೆತ್ತಲು ನೋಡಿದರು. ಒಂದು ಹೆಬ್ಬೆರಳೂ ಅಲುಗಲಿಲ್ಲ. ಮದುಮಗ ಜೋರಾಗಿ ಅಳತೊಡಗಿದ. ಮದುಮಗಳು ಸೆರಗಿನ ಗಂಟು ಬಿಚ್ಚಲು ಶುರುಮಾಡಿದಳು.

ಜಡ್ಜಿಯವರ ಮುಖ ಕಲ್ಲಿನಂತಾಯಿತು. ಕಾನೂನು ಕೈಕೊಟ್ಟಾಗ ದೊಡ್ಡವರಿಗೆ ಬರುವ ಸಿಟ್ಟು ಸಣ್ಣವರ ಮೇಲೇ ಬೀಳುತ್ತದೆ. "ಹಾಗಾದರೆ ಇವಳು ಬಾರದ್ದನ್ನು ಬರುತ್ತೆ ಅಂದವಳು," ಎಂದರು. "ಕೆಲಸ ಬಂದಿದೆ, ಕುಶಲ ಇಲ್ಲ. ಇಂಥವರಿಗೆ ನಮ್ಮೂರಲ್ಲಿ ಒಂದೇ ತೀರ್ಪು. ಇನ್ನು ಮುಂದೆ ಇವಳನ್ನು ಯಾರೂ ಯಾವ ಕೂಲಿಗೂ ಕರೆಯೋ ಹಾಗಿಲ್ಲ. ಪಾತ್ರೆ ತಿಕ್ಕೋದಕ್ಕೂ ಇಲ್ಲ, ಕಸ ಬಳಿಯೋದಕ್ಕೂ ಇಲ್ಲ."

"ಬರುತ್ತೆ ಅಂತ ನಾನ್ಯಾವಾಗಂದೆ ಬುದ್ದಿ?" ದ್ಯಾವಮ್ಮನ ದನಿ ಮೊದಲ ಸಲ ಸಣ್ಣದಾಯಿತು. "ನನ್ನ ಯಾರಾದ್ರೂ ಒಂದ್ ದಿನ ಕೇಳಿದ್ರೆ ತಾನೆ ಅನ್ನೋಕೆ?"

"ಅನ್ನದೆ ಇದ್ದರೆ ನಿನ್ನ ಮನೆಗೆ ಹೇಗೆ ಬಂತು?"

"ನಂಗೇನ್ ಗೊತ್ತು? ನೀವು ಬಂದ್ರಿ. ನಾನೇನು ಕರೆದ್ನಾ?"

ನಾನು ಆಗ ಹೊರಟುಬಿಡಬಹುದಿತ್ತು. ನನ್ನ ಕಾಲು ನನ್ನ ಮಾತು ಕೇಳುತ್ತಿತ್ತು. ಬೇಲಿಯ ತನಕ ಹೋಗಿಯೂ ಇದ್ದೆ. ಆದರೆ ತೀರ್ಪು ಗಟ್ಟಿಯಾಗುವ ಮೊದಲು ಕೇಳಲೇಬೇಕಾದ ಶಾಸ್ತ್ರದ ಪ್ರಶ್ನೆಯೊಂದು ಉಳಿದಿತ್ತು. ಜಡ್ಜಿಯವರು ಅದನ್ನು ಆಕಳಿಸುತ್ತಲೇ ಕೇಳಿದರು: "ಇದಕ್ಕೆ ಮುಂಚೆ ನಿನ್ನ ಮನೆಗೆ ಏನಾದರೂ ಬಂದಿತ್ತೇನಮ್ಮ?"

"ಏನಿಲ್ಲ ಬುದ್ದಿ," ಎಂದಳು ದ್ಯಾವಮ್ಮ. ಆಮೇಲೆ, "ಬೆಟ್ಟಣ್ಣ ಕಳಿಸಿದ್ದು ಬಿಟ್ರೆ," ಎಂದಳು.

ಆಕಳಿಕೆ ಅರ್ಧಕ್ಕೆ ನಿಂತಿತು. "ಬೆಟ್ಟಣ್ಣ ಏನು ಕಳಿಸಿದ್ದ?"

"ಅಯ್ಯೋ, ಒಂದಾ ಎರಡಾ? ಅವ್ನು ದೇವ್ರಂಥೋನು ಬುದ್ದಿ, ನಿಮಗ್ಯಾರ್ಗೂ ಗೊತ್ತಿಲ್ಲ. ಮದುವೆ ಮುಗಿಸ್ಕಂಡು ನಾನು ಮನೆಗೆ ಬರೋದ್ರೊಳಗೆ ಬಾಗಿಲಲ್ಲಿ ಒಂದು ತಪ್ಪಲೆ ಕೂತಿರೋದು. ಒಂದ್ಸಲ ಪಾಯಸ, ಒಸಿ ಸೀದಿತ್ತು. ಒಂದ್ಸಲ ಪುಳಿಯೋಗರೆ, ಉಪ್ಪು ಜಾಸ್ತಿ ಆಗಿತ್ತು, ಅನ್ನ ಬೆರೆಸ್ಕಂಡು ಸರಿಮಾಡ್ಕಂಡು ತಿಂದೆ. ತಪ್ಪಲೆ ತೊಳೆದಿಟ್ರೆ ಅದು ಯಾವ ಮಾಯದಲ್ಲೋ ಹೊರಟೋಗ್ತಿತ್ತು. ಬೆಟ್ಟಣ್ಣನೇ ಬಂದು ತಗೊಂಡೋದ ಅಂದ್ಕೋತಿದ್ದೆ. ಕೇಳಿದ್ರೆ ಎಲ್ಲಿ ನಾಚ್ಕೋತಾನೋ ಅಂತ ಒಂದಿನಾನೂ ಕೇಳ್ಲಿಲ್ಲ."

ಅಂಗಳದ ಮುನ್ನೂರು ಕತ್ತುಗಳೂ ನನ್ನ ಕಡೆ ಹೊರಳಿದವು. ದ್ಯಾವಮ್ಮ ಅದನ್ನು ತಪ್ಪು ತಿಳಿದಳು. ನನ್ನನ್ನು ಯಾರೋ ಅನುಮಾನಿಸುತ್ತಿದ್ದಾರೆ, ಕಾಪಾಡಬೇಕು ಅಂದುಕೊಂಡಳೋ ಏನೋ. ಎರಡು ಹೆಜ್ಜೆ ಮುಂದೆ ಬಂದು ಇನ್ನಷ್ಟು ಜೋರಾಗಿ ಹೇಳಿದಳು: "ಊಟ ಅಂತ ಅಷ್ಟೇ ಅಲ್ಲ ಬುದ್ದಿ, ಮರ್ಯಾದೆ! ಈ ಊರಲ್ಲಿ ಪಾತ್ರೆ ತಿಕ್ಕೋಳಿಗೆ ಎಲೆಅಡಿಕೆ ಕೊಟ್ಟೋರನ್ನ ನೋಡಿದ್ದೀರಾ? ಬೆಟ್ಟಣ್ಣ ಕೊಡ್ತಾನೆ. ಎಲ್ಲಾ ಮದ್ವೇಲೂ ಕೊಡ್ತಾನೆ. ಒಲೆ ಹಚ್ಚೋಕೆ ಮುಂಚೆ ಸೊಂಟದಿಂದ ತೆಗೆದು, 'ತಗೋ ದ್ಯಾವಮ್ಮ, ಬಾಯಿ ಕೆಂಪು ಮಾಡ್ಕೋ' ಅಂತಾನೆ. ಎಳೇ ಎಲೆ, ಗೋಟಡಿಕೆ, ಬೆಳ್ಳಿ ತಟ್ಟೇಲಿ ಇಟ್ಟು ಕೊಡ್ತಾರಲ್ಲ ಯಜಮಾನ್ರು, ಅಂಥದೇ!"

ಜಡ್ಜಿಯವರು ಕಲ್ಲಿನ ಮೇಲೆ ನೆಟ್ಟಗೆ ಕೂತರು. ಮಾದಯ್ಯ ನನ್ನ ಕಡೆ ತಿರುಗಿದ. ತಟ್ಟೆ ಹಿಡಿದಿದ್ದವನು ಅವನೇ. ನಾನು ಎರಡು ಕೈಯಲ್ಲೂ ವೀಳ್ಯ ತೆಗೆದುಕೊಂಡು, ದೊಡ್ಡವರ ಎದುರು ಅಗಿಯಬಾರದೆಂದು ವಿನಯದಿಂದ ಪಕ್ಕಕ್ಕೆ ತಿರುಗಿದ್ದನ್ನು ಅವನು ಕಂಡಿದ್ದ. ವಿನಯ ನನಗೆ ಒಪ್ಪುವ ಗುಣವಲ್ಲ ಎಂದು ಅವತ್ತೇ ಅವನಿಗೆ ತೋರಬೇಕಿತ್ತು.

"ಲೋ ಬೆಟ್ಟ," ಎಂದಳು ಮೂಲೆಯಿಂದ ಸುಬ್ಬಜ್ಜಿ. "ನಮ್ಮೂರ ಕುಶಲರ ಹಲ್ಲು ಬಿಳೀ ಇರೋದು ನಾನು ಕಂಡಿಲ್ಲ. ಗಾರೆಯೋನ್ದು ನೋಡು, ದರ್ಜಿದು ನೋಡು, ಅಡಿಕೆ ಕರೆ ಹತ್ತಿ ಹಲ್ಲೆಲ್ಲ ಇಟ್ಟಿಗೆ. ನೀನು ಇಷ್ಟು ವರ್ಷ ಮದುವೆ ಮದುವೆಗೂ ವೀಳ್ಯ ಅಗಿದೋನು. ಎಲ್ಲಿ, ಒಂದ್ಸಲ ಬಾಯಿ ತೆಗಿ, ನೋಡಾನ."

ಮಾತಿಗಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲ. ಆದರೂ ತೆರೆದೆ. ಬಿಸಿಲು ಒಳಗೆ ಬಿತ್ತು. ಹಸುಗೂಸಿಗೆ ಮೊದಲು ಮೂಡುವ ಹಲ್ಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದ ಅವನ್ನು ಮುನ್ನೂರು ಜನ ನೋಡಿದರು. ಆಮೇಲೆ ಎಲ್ಲರೂ ದ್ಯಾವಮ್ಮನನ್ನು ನೋಡಿದರು. ಅವಳ ಬಾಯಿ ಚೆನ್ನಾಗಿ ಕೆಂಪಗಿತ್ತು.

ನಾನು ಸುಳ್ಳು ಹುಡುಕಿದೆ. ಜೀವಮಾನದಲ್ಲಿ ಮೊದಲ ಸಲ ಒಂದೂ ಸಿಗಲಿಲ್ಲ. ಇದ್ದದ್ದು ಹೇಳಿದೆ.

"ವೀಳ್ಯ ನಾನು ತಿಂದಿಲ್ಲ ಬುದ್ದಿ. ಒಂದು ಸಲವೂ ತಿಂದಿಲ್ಲ. ಬರುತ್ತೆ ಅಂದಿದ್ದು ನನ್ನ ಬಾಯಿ, ಅಗಿದಿದ್ದು ಅವಳ ಬಾಯಿ. ಕೆಟ್ಟರೆ ಅವಳ ಮನೆಗೆ ಹೋಗಲಿ ಅಂತ."

"ನಿನ್ನೆಯ ಹುಳಿ?"

"ಕಲಾಯಿ ಹೋಗಿ ಒಳಗೆ ಹಳದಿ ಕಾಣ್ತಾ ಇದೆ ಅಂತ ದ್ಯಾವಮ್ಮ ಹೇಳಿದ್ದಳು. ಮದುವೆ ದಿನ ಕಲಾಯಿಯವನಿಗೆ ಹೇಳಿಕಳಿಸಿದರೆ ಬೆಟ್ಟಸ್ವಾಮಿಗೆ ಕೊಪ್ಪರಿಗೆ ನೋಡಿಕೊಳ್ಳೋಕೂ ಬರಲ್ಲ ಅಂತಾರೆ. ನನ್ನ ಸೌಟೇ ಕಲಾಯಿ, ಸುಮ್ಮನಿರು ಅಂದೆ. ಕುದಿಯುವಾಗ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡೆ. ಗೊತ್ತಾಯಿತು. ಬಡಿಸಿದೆ. ಕೊಪ್ಪರಿಗೆ ಬರುತ್ತೆ ಅಂದುಕೊಂಡಿದ್ದೆ ಬುದ್ದಿ, ನೀವು ಬರ್ತೀರಿ ಅಂತ ಅಂದುಕೊಂಡಿರಲಿಲ್ಲ."

"ಅಲ್ಲಯ್ಯ, ಊರೆಲ್ಲ ಹೊಗಳಿಸಿಕೊಂಡು ತಿರುಗೋನು," ಎಂದರು ಜಡ್ಜಿಯವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. "ನಿನಗೆ ಅಡುಗೆ ಬರುತ್ತೋ ಇಲ್ಲವೋ?"

"ಗೊತ್ತಿಲ್ಲ ಬುದ್ದಿ. ಒಂದು ಸಲ ವೀಳ್ಯ ತಿಂದು ಮಾಡಿದ್ದರೆ ಗೊತ್ತಾಗ್ತಿತ್ತು. ತಿನ್ನೋಕೆ ಹೆದರಿಕೆ."

ಒಪ್ಪಿಕೊಂಡ ಮಾತು ಅಗಿದ ವೀಳ್ಯಕ್ಕಿಂತ ಹೆಚ್ಚೋ ಏನೋ, ಯಾರದೋ ಹೆಬ್ಬೆರಳು ಅಲುಗಿತು. ಆಮೇಲೆ ಇನ್ನೊಬ್ಬರದು. ಒಬ್ಬೊಬ್ಬರಾಗಿ ಪಾದಗಳು ಮಣ್ಣಿನಿಂದ ಬಿಡಿಸಿಕೊಂಡು ಕೋಡಿಯ ಕಡೆಗೆ, ಬೀದಿಯ ಬಲಬದಿಗೆ, ನನ್ನ ಮನೆಯ ಕಡೆಗೆ ಮೊಗ ಮಾಡಿದವು. ಮಾದಯ್ಯ ಹೋಗುತ್ತ ನನ್ನ ಮುಖ ನೋಡಲಿಲ್ಲ. ಸುಬ್ಬಜ್ಜಿಯನ್ನು ಮದುಮಗಳು ಕೈಹಿಡಿದು ನಡೆಸಿಕೊಂಡು ಹೋದಳು. ವಾಲಗದವರು ಊದಲಿಲ್ಲ.

ಅಂಗಳ ಖಾಲಿಯಾದ ಮೇಲೆ ನಾನೂ ದ್ಯಾವಮ್ಮನೂ ಉಳಿದೆವು. ಅವಳು ನನ್ನ ಏಳು ತಲೆಮಾರು ಜಾಲಾಡುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಅವಳು ಬೈಯಲಿಲ್ಲ. ಹಬ್ಬದ ಸೀರೆಗೆ ಸಿಡಿದಿದ್ದ ಸಾಸಿವೆಯನ್ನು ಉಗುರಿನಿಂದ ಕೆರೆಯುತ್ತ ಮೆಲ್ಲಗೆ ಕೇಳಿದಳು:

"ಎಲೆಅಡಿಕೆ ಹೋಗ್ಲಿ ಬೆಟ್ಟಣ್ಣ. ಆ ಪಾಯಸನಾದ್ರೂ ನೀನು ಕಳಿಸಿದ್ದು ತಾನೆ?"

"ಇಲ್ಲ ದ್ಯಾವಮ್ಮ," ಎಂದೆ. "ಅದು ತಾನಾಗೇ ಬಂದಿದ್ದು. ನಾನು ಯಾವತ್ತೂ ಏನೂ ಕಳಿಸಿಲ್ಲ."